ಕ್ರ್ಯಾಶ್ ಆದ ಎಕ್ಸ್‌ಚೇಂಜ್ ಸರ್ವರ್‌ನ ಹೆಸರು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನಮ್ಮ ಕಚೇರಿಯ ಮೇಲ್ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಕ್ರ್ಯಾಶ್ ಆಗಿ ಮತ್ತೆ ಏಳಲೇ ಇಲ್ಲ. ಬೇರೆ ಹೆಸರಲ್ಲಿ ಹೊಸದು ಹಾಕಿದೆವು. ಹಳೆಯದರ ಕಂಪ್ಯೂಟರ್ ಅಕೌಂಟನ್ನೂ ಡಿಲೀಟ್ ಮಾಡಿದೆವು. ಆದರೂ ಔಟ್‌ಲುಕ್ ಹಳೆಯ ಹೆಸರನ್ನೇ ಹುಡುಕುತ್ತದೆ. ಯಾಕೆ?

ಉತ್ತರ: ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದೇ ಇಲ್ಲ. ಕಂಪ್ಯೂಟರ್ ಅಕೌಂಟ್ ಅಳಿಸಿದರೆ ಎಕ್ಸ್‌ಚೇಂಜ್ ಅಳಿಯುವುದಿಲ್ಲ. ಆ ಅಕೌಂಟ್ ಇರುವುದು ಆಕ್ಟಿವ್ ಡೈರೆಕ್ಟರಿಯ (ನೆಟ್‌ವರ್ಕಿನ ಬಳಕೆದಾರರು, ಕಂಪ್ಯೂಟರ್‌ಗಳ ವಿವರ ಇಡುವ ವಿಂಡೋಸ್ ದಾಖಲೆ) ಡೊಮೈನ್ ಭಾಗದಲ್ಲಿ. ಎಕ್ಸ್‌ಚೇಂಜಿನ ಸರ್ವರ್, ಡೇಟಾಬೇಸ್, ಕನೆಕ್ಟರ್ ವಿವರಗಳೆಲ್ಲ ಇರುವುದು ಆಕ್ಟಿವ್ ಡೈರೆಕ್ಟರಿಯ ಕಾನ್ಫಿಗರೇಶನ್ ಭಾಗದಲ್ಲಿ. ಎರಡೂ ಬೇರೆ ಬೇರೆ. ಅನುಮಾನವಿದ್ದರೆ ಎಕ್ಸ್‌ಚೇಂಜ್ ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ ಗೆಟ್-ಎಕ್ಸ್‌ಚೇಂಜ್‌ಸರ್ವರ್ ಅನ್ನುವ ಕಮಾಂಡ್ ಕೊಟ್ಟು ನೋಡಿ. ಹಳೆಯ ಹೆಸರು ಪಟ್ಟಿಯಲ್ಲಿ ಆರಾಮಾಗಿ ಕೂತಿರುತ್ತದೆ. ಮೇಲ್ ಸರ್ವರ್ ಎಲ್ಲಿದೆ ಅಂತ ಔಟ್‌ಲುಕ್‌ಗೆ ತಿಳಿಸುವ ಆಟೋಡಿಸ್ಕವರ್ ವಿಳಾಸವೂ ಆ ಹೆಸರಿನ ಕೆಳಗೇ ಇದೆ. ಡೊಮೈನಿಗೆ ಸೇರಿದ ಪಿಸಿಯ ಔಟ್‌ಲುಕ್ ಅದನ್ನು ಓದಿಕೊಂಡೇ ಹಳೆಯ ಸರ್ವರ್ ಹುಡುಕುವುದು.

ಅಷ್ಟೇ ಅಲ್ಲ, ಅಕೌಂಟ್ ಅಳಿಸಿ ನಿಮ್ಮ ಸುಲಭದ ದಾರಿಯನ್ನೇ ಮುಚ್ಚಿಕೊಂಡಿರಿ. ಮಾಡಬೇಕಿದ್ದದ್ದು ಡಿಲೀಟ್ ಅಲ್ಲ, ರೀಸೆಟ್. ಆಮೇಲೆ ಅದೇ ಹೆಸರಿನ, ಅದೇ ವಿಂಡೋಸ್ ಆವೃತ್ತಿಯ ಮಷಿನ್ ಎಬ್ಬಿಸಿ, ಡೊಮೈನಿಗೆ ಸೇರಿಸಿ, ಎಕ್ಸ್‌ಚೇಂಜ್ ಸೆಟಪ್ಪನ್ನು ರಿಕವರ್‌ಸರ್ವರ್ ಮೋಡ್‌ನಲ್ಲಿ ಓಡಿಸಬೇಕು. ಬಹುಪಾಲು ಸೆಟ್ಟಿಂಗ್ ಡೈರೆಕ್ಟರಿಯಿಂದಲೇ ವಾಪಸ್ ಬರುತ್ತವೆ. ಮೇಲ್‌ಬಾಕ್ಸ್‌ಗಳು ಮಾತ್ರ ಉಳಿದ ಡೇಟಾಬೇಸ್ ಫೈಲ್‌ನಿಂದಲೋ ಬ್ಯಾಕಪ್‌ನಿಂದಲೋ ಬರಬೇಕು. ಹಳೆಯ ಹೆಸರು ಬೇಡವೇ ಬೇಡ ಅಂದರೂ ಸರಿಯಾದ ಕ್ರಮ ಇದೇ: ಮೊದಲು ರಿಕವರ್, ಆಮೇಲೆ ಅನ್‌ಇನ್‌ಸ್ಟಾಲ್. ಆಗ ಅದು ತನ್ನ ಗುರುತುಗಳನ್ನು ತಾನೇ ತೆಗೆಯುತ್ತದೆ. ಡೈರೆಕ್ಟರಿಯ ರಿಸೈಕಲ್ ಬಿನ್ ಮೊದಲೇ ಆನ್ ಇದ್ದಿದ್ದರೆ ಅಳಿಸಿದ ಅಕೌಂಟನ್ನು ಅಲ್ಲಿಂದ ವಾಪಸ್ ತಂದು ಇದೇ ದಾರಿ ಹಿಡಿಯಿರಿ.

ಅದೂ ಆಗದಿದ್ದರೆ ಡೈರೆಕ್ಟರಿಯನ್ನು ನೇರವಾಗಿ ತಿದ್ದುವ ಎಡಿಎಸ್‌ಐ ಎಡಿಟ್ ಕೊನೆಯ ಉಪಾಯ. ಕಾನ್ಫಿಗರೇಶನ್ ಒಳಗೆ ಸರ್ವರ್ಸ್ ಅನ್ನುವ ಕಂಟೇನರ್ ಇದೆ. ಅಲ್ಲಿ ಆ ಒಂದು ಸರ್ವರ್ ಮಾತ್ರ ತೆಗೆಯಿರಿ. ಅದರ ಮೇಲಿನ ಅಡ್ಮಿನಿಸ್ಟ್ರೇಟಿವ್ ಗ್ರೂಪ್ ಮುಟ್ಟಲೇಬೇಡಿ, ಹೊಸ ಸರ್ವರ್ ಇರುವುದೂ ಅದರೊಳಗೇ. ಕೈ ಹಾಕುವ ಮೊದಲು ಡೈರೆಕ್ಟರಿಯೂ ಸೇರಿದ ಸಿಸ್ಟಮ್ ಸ್ಟೇಟ್ ಬ್ಯಾಕಪ್ ಇರಲಿ. ಆರ್ಬಿಟ್ರೇಶನ್ ಮೇಲ್‌ಬಾಕ್ಸ್‌ಗಳು (ಎಕ್ಸ್‌ಚೇಂಜ್ ತನ್ನ ಒಳಗಿನ ಕೆಲಸಕ್ಕೆ ಇಟ್ಟುಕೊಳ್ಳುವವು) ಹಳೆಯ ಡೇಟಾಬೇಸಿಗೆ ಅಂಟಿಕೊಂಡಿವೆಯಾ, ಮೇಲ್ ಹೊರಗೆ ಕಳಿಸುವ ಸೆಂಡ್ ಕನೆಕ್ಟರ್‌ನಲ್ಲಿ ಸೋರ್ಸ್ ಆಗಿ ಹಳೆಯ ಹೆಸರೇ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸರ್ವರ್ ಬಿದ್ದಿದ್ದಾಗ ಹೊರಗಿನಿಂದ ಬಂದ ಮೇಲ್ ಎಲ್ಲ ಹೋಯಿತು ಅಂತ ಗಾಬರಿ ಬೇಡ. ಕನೆಕ್ಷನ್ ಸಿಗದಿದ್ದರೆ ಕಳಿಸುವ ಸರ್ವರ್ ಮೇಲನ್ನು ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಹಾಗೆ ಮಾಡಬೇಕು ಅಂತ ಎಸ್‌ಎಂಟಿಪಿ ನಿಯಮವಾದ ಆರ್‌ಎಫ್‌ಸಿ 5321 ಹೇಳುತ್ತದೆ. ಎಲ್ಲರೂ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಐಪಿ ಬದಲಾಗಿದ್ದರೆ ಎಂಎಕ್ಸ್ (ನಿಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆ) ತೋರಿಸುವ ವಿಳಾಸವನ್ನು ಇವತ್ತೇ ಸರಿಮಾಡಿ. ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದೆಂಬ ದಾಖಲೆ) ಮತ್ತು ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಕೂಡ ಜೊತೆಗೇ ಬದಲಾಗಬೇಕು, ಇಲ್ಲದಿದ್ದರೆ ನೀವು ಕಳಿಸಿದ್ದು ಸ್ಪ್ಯಾಮ್‌ಗೆ ಹೋಗಬಹುದು.