ಆ ಹಾಡಿನ ಬಿಸಿಲುಕೋಲು ನಿಜವಾದ ಬಿಸಿಲೇ?

ಪ್ರಶ್ನೆ: ಗುರುದತ್ ನಿರ್ದೇಶನದ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನ ‘ವಕ್ತ್ ನೆ ಕಿಯಾ’ ಹಾಡಿನಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಬಿಸಿಲೋ, ಸ್ಟುಡಿಯೊದ ದೀಪವೋ? ಅದರ ಛಾಯಾಗ್ರಾಹಕ, ಮೈಸೂರಿನವರಾದ ವಿ.ಕೆ. ಮೂರ್ತಿಯವರು ಅದನ್ನು ಹೇಗೆ ಸಾಧಿಸಿದರು?

ಉತ್ತರ: ಬಿಸಿಲೇ. ಆದರೆ ಕಿಟಕಿಯಿಂದ ತಾನಾಗಿ ಒಳಬಂದ ಬಿಸಿಲಲ್ಲ. ಸ್ಟುಡಿಯೊದ ಹೊರಗೆ ಒಂದು ದೊಡ್ಡ ಕನ್ನಡಿಯನ್ನು ಸೂರ್ಯನಿಗೆ ಎದುರಾಗಿ ಇಟ್ಟು, ಅದರಿಂದ ಚಿಮ್ಮಿದ ಬೆಳಕನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಯ ಮೇಲೆ ಬೀಳಿಸಿ, ಅಲ್ಲಿಂದ ಓರೆಯಾಗಿ ನೆಲದ ಕಡೆಗೆ ಇಳಿಸಿದ್ದರು. ಆ ಕೋಲು ಕಣ್ಣಿಗೆ ಕಾಣುವಂತೆ ಗಾಳಿಯಲ್ಲಿ ತೆಳುವಾದ ಹೊಗೆ ಹರಡಿದ್ದರು. ಉಪಾಯವಿಷ್ಟೇ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಕನ್ನಡಿಯ ಸಂಗತಿಯನ್ನು ಎಲ್ಲೋ ಕೇಳಿಯೇ ಇರುತ್ತಾರೆ. ಅವರಿಗೆ ಬಗೆಹರಿಯದೆ ಉಳಿಯುವುದು, ದೊಡ್ಡ ದೊಡ್ಡ ದೀಪಗಳಿದ್ದ ಸ್ಟುಡಿಯೊದಲ್ಲಿ ಇಷ್ಟೊಂದು ತಾಪತ್ರಯ ಏಕೆ ಬೇಕಿತ್ತು ಎಂಬುದು.

ದೀಪ ಎಷ್ಟೇ ಪ್ರಖರವಾಗಿದ್ದರೂ ಅದು ಹತ್ತಿರದ ವಸ್ತು. ಹತ್ತಿರದ ಬೆಳಕು ಹೊರಟ ಜಾಗದಿಂದಲೇ ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತದೆ, ಮತ್ತು ದೂರ ಎರಡರಷ್ಟಾದರೆ ಅದರ ಪ್ರಖರತೆ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೀಪದಿಂದ ಮಾಡಿದ ಕೋಲು ಮೇಲೆ ಸಣ್ಣಗೆ, ಕೆಳಗೆ ದಪ್ಪಗೆ, ನೆಲ ಮುಟ್ಟುವ ಹೊತ್ತಿಗೆ ಮಂಕಾಗಿ, ನಾಟಕದ ರಂಗದ ಮೇಲೆ ಬಿಟ್ಟ ಬೆಳಕಿನಂತೆ ಕಾಣುತ್ತದೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ. ಅಲ್ಲಿಂದ ಬರುವ ಕಿರಣಗಳು ನಮ್ಮ ಲೆಕ್ಕಕ್ಕೆ ಒಂದಕ್ಕೊಂದು ಸಮಾನಾಂತರ. ಆಕಾಶದಲ್ಲಿ ಸೂರ್ಯನ ಬಿಂಬದ ಅಗಲ ಸರಿಸುಮಾರು ಅರ್ಧ ಡಿಗ್ರಿ ಇರುವುದರಿಂದ, ಕನ್ನಡಿಯಿಂದ ಹೊರಟ ಬಿಸಿಲು 20 ಮೀಟರ್ ಸಾಗಿದರೂ ಅದು ಹರಡಿಕೊಳ್ಳುವುದು ಒಂದು ಗೇಣಿಗಿಂತ ಕಡಿಮೆ. ಆ ಹಾಡಿನ ಕೋಲಿಗೆ ಅಳತೆಪಟ್ಟಿ ಹಿಡಿದು ಗೆರೆ ಎಳೆದಂಥ ಅಂಚು ಬಂದದ್ದು ಈ ಕಾರಣದಿಂದ.

ಇದನ್ನು ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ನಡುಮನೆಗೆ ಹಿತ್ತಿಲ ಬಾಗಿಲಿನಿಂದ ಎಂಟು ಮೀಟರ್ ದೂರ. ಹಿತ್ತಿಲಿನಲ್ಲಿ ಬೀರುವಿನಿಂದ ಬಿಚ್ಚಿದ ಕನ್ನಡಿಯನ್ನು ಕುರ್ಚಿಗೆ ಒರಗಿಸಿ, ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿ, ಒಳಗೆ ಸಾಂಬ್ರಾಣಿ ಹೊಗೆ ಹಾಕಿದೆ. ಹೊಗೆ ಏಳುವವರೆಗೆ ಎದುರು ಗೋಡೆಯ ಮೇಲೊಂದು ಬಿಳಿಯ ಚೌಕವನ್ನು ಬಿಟ್ಟು ಮತ್ತೇನೂ ಕಾಣಲಿಲ್ಲ. ಹೊಗೆ ಎದ್ದ ಕ್ಷಣ ಗಾಳಿಯಲ್ಲಿ ಕೋಲು ಮೂಡಿತು. ಆಮೇಲೆ ನಡೆದದ್ದನ್ನು ನಾನು ಮೊದಲೇ ಊಹಿಸಿರಲಿಲ್ಲ. ಗೋಡೆಯ ಮೇಲಿನ ಚೌಕ ತಾನಾಗಿ ಪಕ್ಕಕ್ಕೆ ಸರಿಯತೊಡಗಿ, ಆರು ನಿಮಿಷಗಳಲ್ಲಿ ಹೆಚ್ಚುಕಡಿಮೆ ಒಂದು ಗೇಣು ದಾಟಿತು. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಜರುಗುತ್ತಾನೆ ಎಂದು ಶಾಲೆಯಲ್ಲಿ ಉರು ಹೊಡೆದದ್ದು ಗೋಡೆಯ ಮೇಲೆ ಕಂಡಿತು. ಎಂದಮೇಲೆ ಸ್ಟುಡಿಯೊದ ಹೊರಗಿನ ಕನ್ನಡಿಯನ್ನು ಒಮ್ಮೆ ನಿಲ್ಲಿಸಿ ಸುಮ್ಮನಾಗುವಂತಿರಲಿಲ್ಲ. ಶಾಟ್‌ನಿಂದ ಶಾಟ್‌ಗೆ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇರಬೇಕಿತ್ತು, ಮೋಡ ಬಂದರೆ ಎಲ್ಲರೂ ಕೈಕಟ್ಟಿ ಕೂರಬೇಕಿತ್ತು.

ಇಂಥ ಲೆಕ್ಕ ಮೂರ್ತಿಯವರಿಗೆ ಕೇವಲ ಕೈಯಂದಾಜಿನಿಂದ ಬಂದದ್ದಲ್ಲ. 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಹುಟ್ಟಿದ ಅವರು ಪಿಟೀಲು ಕಲಿತವರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು. 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಕೆ.ಆರ್. ವೃತ್ತದ ಬಳಿಯ ಆ ಕಟ್ಟಡದ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ಬೆಳಕಿನ ಪಾಠವನ್ನು ತರಗತಿಯಲ್ಲಿ ಕುಳಿತು ಕಲಿಯುವ ಅವಕಾಶ ದೇಶದಲ್ಲಿ ತೀರ ವಿರಳವಾಗಿದ್ದ ಕಾಲವದು.

ಮುಂಬೈಗೆ ಹೋದ ಮೇಲೆ ಫಲಿ ಮಿಸ್ತ್ರಿಯಂಥವರ ಕೈಕೆಳಗೆ ಸಹಾಯಕರಾಗಿ ದುಡಿದರು. ತಿರುವು ಬಂದದ್ದು 1951ರ ‘ಬಾಜಿ’ಯ ಸೆಟ್ಟಿನಲ್ಲಿ. ಛಾಯಾಗ್ರಾಹಕ ವಿ. ರಾತ್ರ, ಮೂರ್ತಿಯವರು ಅವರ ಸಹಾಯಕರು, ನಿರ್ದೇಶಕ ಗುರುದತ್. ಒಂದು ಹಾಡಿಗೆ ಮೂರ್ತಿಯವರು ಕ್ಯಾಮೆರಾ ಚಲಿಸುವ ಕಷ್ಟದ ಶಾಟ್ ಒಂದನ್ನು ಸೂಚಿಸಿದಾಗ, ರಾತ್ರ ಅವರು ಹಿರಿಯರೆಂಬ ಬಿಗುಮಾನ ತೋರದೆ ಅವರ ಕೈಗೇ ಕ್ಯಾಮೆರಾ ಕೊಟ್ಟರು. ಶಾಟ್ ಕಂಡ ಗುರುದತ್ ಮುಂದಿನ ಚಿತ್ರ ‘ಜಾಲ್’ಗೆ ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಮೈಸೂರಿನವರೊಬ್ಬರು, ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರು ಮುಂಬೈಯಲ್ಲಿ ಸೇರಿ ‘ಪ್ಯಾಸಾ’ದಂಥ ಚಿತ್ರ ಮಾಡಿದರೆಂದು ನಾವು ಹೆಮ್ಮೆಪಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅವರ ಹೊಂದಾಣಿಕೆಗೆ ಊರಿನ ನಂಟಿಗಿಂತ ಹೆಚ್ಚಾಗಿ, ಕತ್ತಲೆಗೆ ಇಬ್ಬರೂ ಹೆದರದಿದ್ದದ್ದೇ ಕಾರಣವೆಂದು ನನಗೆ ತೋರುತ್ತದೆ.

ಕತ್ತಲೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಆ ಹಾಡಿನಲ್ಲಿ ಮೂರ್ತಿಯವರ ನಿಜವಾದ ಧೈರ್ಯ ಕನ್ನಡಿಯಲ್ಲಿಲ್ಲ, ಕೋಲಿನ ಸುತ್ತ ಬಿಟ್ಟ ಕತ್ತಲೆಯಲ್ಲಿದೆ. 1959ರ ಈ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಎತ್ತರದ ಎರಡೂ ಕಾಲು ಪಟ್ಟಿಗಿಂತ ಅಗಲವಾದ ಪರದೆ ಕೈಗೆ ಸಿಕ್ಕಾಗ ಅದನ್ನು ಮೆರವಣಿಗೆಯಿಂದಲೋ ಬೆಟ್ಟಗುಡ್ಡಗಳಿಂದಲೋ ತುಂಬುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಇವರು ಬರಿದಾದ ಸ್ಟುಡಿಯೊದಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ಅವರನ್ನು ದೂರ ದೂರ ನಿಲ್ಲಿಸಿ, ನಡುವಿನ ಜಾಗವನ್ನು ಹಾಗೆಯೇ ಬಿಟ್ಟರು. ತುಟಿ ಅಲುಗುವುದಿಲ್ಲ, ಗೀತಾ ದತ್ ಅವರ ದನಿ ಮಾತ್ರ ಕೇಳುತ್ತದೆ. ಮೂರು ವರ್ಷಗಳ ಬಳಿಕ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಮುಜ್ರಾ ಹಾಡಿನಲ್ಲಿ ಮುಖ್ಯ ನರ್ತಕಿಗೆ ಪೂರ್ತಿ ಬೆಳಕು ಕೊಟ್ಟು, ಜತೆಯವರನ್ನೆಲ್ಲ ನೆರಳಿನಲ್ಲೇ ಕುಣಿಸಿದ್ದೂ ಇದೇ ಜಾಡಿನ ಕೆಲಸ. ಎರಡೂ ಚಿತ್ರಗಳಿಗೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ‘ಕಾಗಜ್ ಕೆ ಫೂಲ್’ಗೆ ಪ್ರೇಕ್ಷಕರು ಮಾತ್ರ ಬರಲಿಲ್ಲ, ಅದಾದ ಮೇಲೆ ಗುರುದತ್ ನಿರ್ದೇಶಕರೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲೂ ಇಲ್ಲ.

1964ರಲ್ಲಿ ಗುರುದತ್ ತೀರಿಕೊಂಡ ಮೇಲೆ ಮೂರ್ತಿಯವರು ‘ಲವ್ ಇನ್ ಟೋಕಿಯೊ’, ‘ಜುಗ್ನು’ ಮುಂತಾದ ಬಣ್ಣದ ಜನಪ್ರಿಯ ಚಿತ್ರಗಳಿಗೆ ದುಡಿದರು. ಅವು ಅಚ್ಚುಕಟ್ಟಾದ ಕೆಲಸಗಳು, ಅಷ್ಟೆ. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿದ್ದರು, ಮುಂದೆ ‘ತಮಸ್’ ನಿರ್ದೇಶಿಸಿದಾಗ ಛಾಯಾಗ್ರಹಣಕ್ಕೆ ಗುರುವನ್ನೇ ಕರೆದರು. ಕನ್ನಡಕ್ಕೆ ಮೂರ್ತಿಯವರು ಬಂದದ್ದು 1993ರಲ್ಲಿ, ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕಾಗಿ, ಎಪ್ಪತ್ತರ ಹೊಸ್ತಿಲಲ್ಲಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2014ರ ಏಪ್ರಿಲ್ 7ರಂದು ಇಲ್ಲಿಯೇ ಕಣ್ಮುಚ್ಚಿದರು.

ಹಾಡನ್ನು ಮತ್ತೆ ನೋಡುವುದಿದ್ದರೆ ಒಂದು ಎಚ್ಚರಿಕೆ. ಚಿತ್ರ ನಿಮ್ಮ ಟೀವಿಯ ಪರದೆಯನ್ನು ಮೇಲೆ ಕೆಳಗೆ ಕಪ್ಪು ಪಟ್ಟಿಯಿಲ್ಲದೆ ಪೂರ್ತಿ ತುಂಬಿಕೊಂಡಿದ್ದರೆ, ಎರಡೂ ಪಕ್ಕವನ್ನು ಯಾರೋ ಕತ್ತರಿಸಿದ್ದಾರೆ ಎಂದರ್ಥ. ಅಂಥ ಪ್ರತಿಯಲ್ಲಿ ಕೋಲು ಉಳಿದಿರಬಹುದು, ಮೂರ್ತಿಯವರು ಅದರ ಅಕ್ಕಪಕ್ಕ ಬಿಟ್ಟಿದ್ದ ಕತ್ತಲೆ ಉಳಿದಿರುವುದಿಲ್ಲ. ಕಪ್ಪು ಪಟ್ಟಿಯಿರುವ ಪ್ರತಿಯನ್ನೇ ಹುಡುಕಿ, ಕೋಣೆಯ ದೀಪ ಆರಿಸಿ ನೋಡಿ.