87ರಿಂದ ಭಾಗಿಸಿದರೆ ಫ್ಯಾಕ್ಟರಿ ಆಗುತ್ತಾ?

ಪ್ರಶ್ನೆ: ಸರ್, ನನ್ನ ಎಚ್‌ಒ ಮಾಡೆಲ್ ರೈಲು ಲೇಔಟಿಗೆ (ಎಲ್ಲವೂ ನಿಜದ 87ರಲ್ಲಿ ಒಂದು ಪಾಲು) ಒಂದು ಸಿಮೆಂಟ್ ಫ್ಯಾಕ್ಟರಿ ಮಾಡಬೇಕು ಅಂತಿದ್ದೇನೆ. ಉಪಗ್ರಹ ನಕ್ಷೆಯಲ್ಲಿ ಅಳತೆ ತೆಗೆದು ಎಲ್ಲವನ್ನೂ 87ರಿಂದ ಭಾಗಿಸಿದರೆ ಸಾಕಲ್ವಾ?

ಸಾಕಾಗಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ಸಕ್ಕರೆ ಕಾರ್ಖಾನೆ, ಒಮ್ಮೆ ಥರ್ಮಲ್ ಪ್ಲಾಂಟ್, ಈಗ ಸಿಮೆಂಟ್. ಉತ್ತರ ಮಾತ್ರ ಅದೇ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ನೀವೇ ಇದನ್ನು ಓದಿಸಿ.

ಕಲಬುರಗಿ ಜಿಲ್ಲೆಯ ವಾಡಿ ಕಡೆಯ ಸಿಮೆಂಟ್ ಪ್ಲಾಂಟುಗಳನ್ನು ರೈಲಿನ ಕಿಟಕಿಯಿಂದ ನೋಡಿರುತ್ತೀರಿ. ಆಲಿಕೆಯಾಕಾರದ ಸೈಕ್ಲೋನ್‌ಗಳನ್ನು ಒಂದರ ಮೇಲೊಂದು ಪೇರಿಸಿದ ಎತ್ತರದ ಚೌಕಟ್ಟು ಇರುತ್ತದಲ್ಲ, ಅದು ಪ್ರೀಹೀಟರ್ ಟವರ್, ಕಲ್ಲಿನ ಪುಡಿಯನ್ನು ಸುಡುವ ಮೊದಲು ಬಿಸಿ ಮಾಡುವ ಜಾಗ. ಈಗಿನ ಪ್ಲಾಂಟುಗಳಲ್ಲಿ ಅದು 100 ಮೀಟರ್ ಮುಟ್ಟುವುದು ಮಾಮೂಲು. 87ರಿಂದ ಭಾಗಿಸಿ. 115 ಸೆಂಟಿಮೀಟರ್ ಬಂತು. ಮೇಜಿನ ಎತ್ತರ ಸೇರಿಸಿದರೆ ನಿಮ್ಮ ತಲೆಯನ್ನೇ ದಾಟುತ್ತದೆ. ಇಡೀ ಪ್ಲಾಂಟ್ ಒಂದು ಕಿಲೋಮೀಟರ್ ಉದ್ದ ಅಂದುಕೊಂಡರೆ ನಿಮಗೆ ಹನ್ನೊಂದೂವರೆ ಮೀಟರ್ ಜಾಗ ಬೇಕು. ಕಲ್ಲಿದ್ದಲು ತರುವ ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್ ಉದ್ದ. ಅಂಥ 58 ವ್ಯಾಗನ್‌ಗಳ ರೇಕ್ ಅಂದರೆ ಮಾಡೆಲಿನಲ್ಲಿ 7 ಮೀಟರ್, ಇಂಜಿನ್ ಬಿಟ್ಟು. ಇದಕ್ಕೆ ಮನೆಯ ರೂಮ್ ಸಾಲಲ್ಲ, ಛತ್ರ ಬುಕ್ ಮಾಡಬೇಕು. ಅದಕ್ಕೇ ಕಟ್ಟಡವನ್ನು 87ಕ್ಕಿಂತಲೂ ಜಾಸ್ತಿ ಕುಗ್ಗಿಸಬೇಕು.

ಇಷ್ಟು ಹೇಳಿದ ಮೇಲೂ ಒಬ್ಬರು ಎದ್ದು ನಿಲ್ಲುತ್ತಾರೆ. 'ಅಳತೆ ಕುಗ್ಗಿಸಿದರೆ ಅದು ಸ್ಕೇಲ್ ಮಾಡೆಲ್ ಹೇಗಾಗುತ್ತೆ? ಸುಳ್ಳಾಯ್ತಲ್ಲ?'

ಸ್ವಾಮಿ, ನಿಮ್ಮ ಹಳಿಯನ್ನು ಒಮ್ಮೆ ಅಳೆದು ನೋಡಿ. ಎಚ್‌ಒ ಹಳಿಗಳ ನಡುವೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕಿತ್ತು. ತಿರುವಿನ ಕಥೆ ಇನ್ನೂ ಜಾಸ್ತಿ. ನಮ್ಮಲ್ಲಿ ಬ್ರಾಡ್‌ಗೇಜಿನ ತೀರಾ ಬಿಗಿಯಾದ ತಿರುವು ಅಂದರೆ 175 ಮೀಟರ್ ತ್ರಿಜ್ಯ. ಮಾಡೆಲಿನಲ್ಲಿ ಅದು 2 ಮೀಟರ್. ನಿಮ್ಮ ಮೇಜಿನ ಮೇಲಿರುವುದು 18 ಇಂಚಿನ ತಿರುವು, ಅಂದರೆ ನಿಜದಲ್ಲಿ ಬರೀ 40 ಮೀಟರ್. ನಾಲ್ಕು ಪಟ್ಟಿಗಿಂತ ಜಾಸ್ತಿ ಕುಗ್ಗಿಸಿ ಆಗಿದೆ. ಅದರ ಮೇಲೆ ದಿನಾ ರೈಲು ಓಡಿಸುವಾಗ ಬಾರದ ಪಾಪಪ್ರಜ್ಞೆ ಗೋಡೆ ಕಟ್ಟುವಾಗ ಮಾತ್ರ ಯಾಕೆ?

ಹಾಗಂತ ಮನಸ್ಸಿಗೆ ಬಂದ ಹಾಗೆ ಕುಗ್ಗಿಸಿದರೂ ಕೆಡುತ್ತದೆ. ಮನುಷ್ಯ ಮುಟ್ಟುವ ವಸ್ತು, ವ್ಯಾಗನ್ ಹಾದುಹೋಗುವ ಜಾಗ, ಇವೆರಡನ್ನು ಕುಗ್ಗಿಸುವಂತಿಲ್ಲ. ಬಾಗಿಲು 24 ಮಿಲಿಮೀಟರ್, ಕೈಪಿಡಿಕಂಬಿ 11.5 ಮಿಲಿಮೀಟರ್, ಮೆಟ್ಟಿಲು, ಏಣಿ, ಎಲ್ಲ ಸರಿಯಾಗಿಯೇ ಇರಬೇಕು. ನೋಡುವವರ ಕಣ್ಣು ಮೊದಲು ಹೋಗುವುದು ಬಾಗಿಲಿಗೆ. ಅದರಿಂದಲೇ ಕಟ್ಟಡ ಎಷ್ಟು ದೊಡ್ಡದು ಅಂತ ಅಂದಾಜು ಮಾಡುತ್ತಾರೆ. ಟವರಿನಲ್ಲಿ ಆರು ಹಂತ ಇದ್ದರೆ ನಾಲ್ಕು ಮಾಡಿ. ಮಹಡಿಗಳನ್ನು ಕಮ್ಮಿ ಮಾಡಿ, ಒಂದೊಂದು ಮಹಡಿಯ ಎತ್ತರ ಮುಟ್ಟಬೇಡಿ. ಹಿಂಭಾಗದ ಗೋದಾಮನ್ನು ಮುಂದಿನ ಗೋಡೆಯಷ್ಟೇ ಕಟ್ಟಿ, ಲೇಔಟಿನ ಹಿಂದಿನ ಚಿತ್ರಕ್ಕೆ ಒರಗಿಸಿ. ಅದರ ಹಿಂದೆ ಏನಿದೆ ಅಂತ ಯಾರೂ ಇಣುಕಿ ನೋಡಲ್ಲ.

ಕಿಲ್ನ್‌ಗೆ (ಮಾಲು ಸುಡುವ, ತಿರುಗುವ ಉದ್ದ ಕೊಳವೆ) ಎಲ್ಲೂ ಹುಡುಕಬೇಡಿ. ಹಾರ್ಡ್‌ವೇರ್ ಅಂಗಡಿಯ 50 ಮಿಲಿಮೀಟರ್ ಪಿವಿಸಿ ಪೈಪ್ ನಿಜದಲ್ಲಿ 4.35 ಮೀಟರ್ ವ್ಯಾಸ ಆಗುತ್ತದೆ, ಕಿಲ್ನ್ ಕೊಳವೆಯೂ ಹೆಚ್ಚುಕಮ್ಮಿ ಅಷ್ಟೇ. ಉದ್ದ 80 ಸೆಂಟಿಮೀಟರ್ ಬೇಕಿಲ್ಲ, 55 ಸಾಕು. ಅದೇ ಅಳತೆಯ ಕಪ್ಲಿಂಗ್ ತಂದು ಬಳೆಯ ಹಾಗೆ ಮೂರು ತುಂಡು ಕತ್ತರಿಸಿ ಪೈಪಿಗೆ ತೊಡಿಸಿದರೆ ರೋಲರ್ ಮೇಲೆ ಕೂರುವ ಟೈರುಗಳು ರೆಡಿ. ಟವರ್ ಕಡೆಯ ತುದಿಯನ್ನು ಸುಮಾರು 2 ಸೆಂಟಿಮೀಟರ್ ಎತ್ತಿಡಿ. ಕಿಲ್ನ್ ಯಾವತ್ತೂ ಮಟ್ಟವಾಗಿ ಮಲಗಿರಲ್ಲ, ಇಳಿಜಾರಿರುವುದರಿಂದಲೇ ಒಳಗಿನ ಮಾಲು ಕೆಳಕ್ಕೆ ಜರುಗುವುದು. ಪೈಪಿನ ಮೇಲಿನ ಅಚ್ಚಕ್ಷರ ಹೋಗುವ ತನಕ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆಯಿರಿ. ಇಲ್ಲದಿದ್ದರೆ ಉಗುರು ತಾಗಿದರೂ ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಸಿಮೆಂಟ್ ತುಂಬಿಡುವ ಸೈಲೋಗೆ 110 ಮಿಲಿಮೀಟರ್ ಪೈಪ್. ಗೋಡೆಗೆ 3 ಮಿಲಿಮೀಟರ್ ಸನ್‌ಬೋರ್ಡ್, ಅದು ಒಂಬತ್ತಿಂಚಿನ ಗೋಡೆಗೆ ಹತ್ತಿರ. 5 ಮಿಲಿಮೀಟರ್ ತಂದರೆ ಕಿಟಕಿ ಅಂಚಿನಲ್ಲಿ ಕೋಟೆ ಗೋಡೆ ಕಾಣುತ್ತದೆ.

ಶೀಟ್ ಛಾವಣಿಗೆ ಮಾತ್ರ ರಟ್ಟಿನ ಡಬ್ಬದ ಒಳಪದರ ಬಳಸಬೇಡಿ. ಅದರ ಅಲೆ 6–7 ಮಿಲಿಮೀಟರ್, ನಿಜದಲ್ಲಿ ಅರ್ಧ ಮೀಟರಿಗೂ ಜಾಸ್ತಿ. ಸಿಮೆಂಟ್ ಶೀಟಿನ ಅಲೆ 146 ಮಿಲಿಮೀಟರ್, ಅಂದರೆ ನಮಗೆ 1.7 ಬೇಕು. 12 ಎಂಎಂ ಬೋಲ್ಟಿನ ಥ್ರೆಡ್ 1.75! ದಪ್ಪ ಅಲ್ಯೂಮಿನಿಯಂ ಫಾಯಿಲನ್ನು ಹಳೇ ಮೌಸ್‌ಪ್ಯಾಡ್ ಮೇಲೆ ಹಾಸಿ, ಥ್ರೆಡ್ ರಾಡನ್ನು ಒತ್ತಿ ಉರುಳಿಸಿ. ಗೆರೆ ಸ್ವಲ್ಪ ಓರೆ ಬರುತ್ತದೆ, ಗೆರೆಗೆ ಸರಿಯಾಗಿ ಕತ್ತರಿಸಿಕೊಂಡರಾಯ್ತು.

ಇನ್ನು ನೀವು ಕೇಳದ ಒಂದು ಮಾತು. ಈ ಫ್ಯಾಕ್ಟರಿಗೆ ರೈಲು ಬರುವುದು ಯಾಕೆ? ಸುಣ್ಣದಕಲ್ಲು ತರೋಕೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪ್ಲಾಂಟ್ ಕಟ್ಟುವುದೇ ಗಣಿಯ ಪಕ್ಕದಲ್ಲಿ. ಕಲ್ಲು ಸಾಮಾನ್ಯವಾಗಿ ಬೆಲ್ಟ್ ಮೇಲೆ ಇಲ್ಲವೇ ಡಂಪರಿನಲ್ಲಿ ಬರುತ್ತದೆ. ಹಾಗಾಗಿ ಹಿಂದಿನ ಗೋಡೆಯೊಳಗೆ ಮಾಯವಾಗುವ ಒಂದು ಕನ್ವೇಯರ್ ಮಾಡಿದರೆ ಗಣಿ ಅಲ್ಲೇ ಮುಗಿಯಿತು. ರೈಲಿಗೆ ಇರುವ ಕೆಲಸ ಕಲ್ಲಿದ್ದಲು, ಜಿಪ್ಸಮ್ ಒಳಗೆ ತರುವುದು, ಸಿಮೆಂಟ್ ಮೂಟೆಗಳನ್ನು ಮುಚ್ಚಿದ ಬಿಸಿಎನ್ ವ್ಯಾಗನ್‌ಗಳಲ್ಲಿ ಹೊರಗೆ ಒಯ್ಯುವುದು. ಒಂದೇ ಸೈಡಿಂಗ್ (ಪಕ್ಕದ ಹಳಿ) ಹಾಕಿ ಎಲ್ಲವನ್ನೂ ಅಲ್ಲೇ ನಿಲ್ಲಿಸಿದರೆ ಶಂಟಿಂಗ್ (ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸರಿಸುವುದು) ಮಾಡೋಕೆ ಏನೂ ಉಳಿಯಲ್ಲ. ಎರಡು ಸೈಡಿಂಗ್ ಹಾಕಿ. ಕಲ್ಲಿದ್ದಲು ಇಳಿಸುವ ಹಳಿ ಟವರ್ ಕಡೆಗಿರಲಿ, ಲೋಡಿಂಗ್ ಪ್ಲಾಟ್‌ಫಾರ್ಮ್ ಇನ್ನೊಂದು ತುದಿಯ ಸೈಲೋ ಪಕ್ಕದಲ್ಲಿರಲಿ. ಪ್ಲಾಟ್‌ಫಾರ್ಮ್ ಹಳಿಯ ತಲೆಯಿಂದ ಸುಮಾರು ಒಂದು ಮೀಟರ್ ಎತ್ತರ ಇರಬೇಕು, 12 ಎಂಎಂ ಪ್ಲೈವುಡ್ ಅಷ್ಟೇ ದಪ್ಪ ಇದೆ. ಅಂಟು ಹಾಕುವ ಮೊದಲು ನಿಮ್ಮಲ್ಲಿರುವ ಅತಿ ಅಗಲದ ವ್ಯಾಗನ್ನನ್ನು ಪಕ್ಕದಲ್ಲಿ ಒಂದು ಸಲ ತಳ್ಳಿ ನೋಡಿ.