ತಿಮರೆ ರಸ ಫಿಟ್ಸ್ ಮಾತ್ರೆಗೆ ಬದಲಾದೀತೇ?

ಪ್ರಶ್ನೆ: ತಿಮರೆ ಸಾರ ಕೊಟ್ಟ ಇಲಿಗಳಿಗೆ ಫಿಟ್ಸ್ ಬರಲಿಲ್ಲ ಎಂದು ಓದಿದೆ. ಮಗನಿಗೆ ಮಾತ್ರೆಯ ಬದಲು ತೋಟದ ತಿಮರೆ ರಸ ಕೊಟ್ಟರೆ ಸಾಕೇ? – ಓದುಗರು, ಪೆರ್ಲ

ಸಾಲದು. ಇಲಿಗೆ ಕೊಟ್ಟದ್ದೂ ನೀವು ಅರೆದು ಹಿಂಡುವುದೂ ಒಂದೇ ಅಲ್ಲ.

ಮೊದಲ ತೊಡಕು ಹೆಸರಿನದು. ಕನ್ನಡದಲ್ಲಿ ಒಂದೆಲಗವನ್ನೇ, ಅಂದರೆ ನಮ್ಮ ತಿಮರೆಯನ್ನೇ, ಬ್ರಾಹ್ಮಿ ಎನ್ನುವವರು ಬಹಳ. ಮಲಯಾಳದಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡ. ಗಡಿಯ ಅಂಗಡಿಯಲ್ಲಿ ಯಾವುದು ಕೈಗೆ ಬಂದೀತೋ! ಕುಲವೂ ಬೇರೆ, ಒಳಗಿನ ರಾಸಾಯನಿಕವೂ ಬೇರೆ. ಅದಕ್ಕೇ ಗಿಡವನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಒಂದು ಮಾದರಿಯನ್ನು ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹ) ಇಟ್ಟ ಮೇಲೆಯೇ ಪರೀಕ್ಷೆ. ಅಡಿಕೆ ಬುಡದ ಎಲೆಯಂತೂ ಬೇಡ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಾಗ ತೊಟ್ಟಿಕ್ಕಿದ ಮೈಲುತುತ್ತಿನ ತಾಮ್ರ ಅದರ ಮೇಲೆ ಕೂತಿರುತ್ತದೆ.

ಸಾರ ತೆಗೆಯುವ ಸಾಮಾನ್ಯ ಕ್ರಮವೆಂದರೆ, ನೆರಳಲ್ಲಿ ಒಣಗಿಸಿದ ಪುಡಿಯನ್ನು ಶೇ. 70ರ ಎಥನಾಲ್‌ನಲ್ಲಿ 3 ದಿನ ನೆನೆಸಿ, ಸೋಸಿ, ಕಡಿಮೆ ಒತ್ತಡದಲ್ಲಿ ಬತ್ತಿಸುವುದು. ಉಳಿಯುವ ಅಂಟು ಸಾರ ನೀರಿನಲ್ಲಿ ಸರಿಯಾಗಿ ಕರಗದು. ಸಿಎಂಸಿ (ನೀರನ್ನು ಮಂದಗೊಳಿಸುವ ಪುಡಿ) ದ್ರಾವಣದಲ್ಲಿ ಕಲಸಿ ಕುಡಿಸುತ್ತಾರೆ. ಬರೀ ಆ ದ್ರಾವಣ ಕುಡಿದ ಇಲಿಗಳ ಗುಂಪೂ ಇರದಿದ್ದರೆ ಹೋಲಿಕೆಗೆ ಏನೂ ಇಲ್ಲ.

ಪರೀಕ್ಷೆಗಳಲ್ಲಿ ಮುಖ್ಯವಾದವು ಎರಡು. ಒಂದರಲ್ಲಿ ಸೆಳೆತ ಬರಿಸಲು ಸುಂಡಿಲಿಯ ಕಣ್ಣಿನ ಮೇಲಿಟ್ಟ ವಿದ್ಯುದ್ವಾರಗಳಿಂದ 50 ಮಿಲಿಆಂಪಿಯರ್ ವಿದ್ಯುತ್ತನ್ನು 0.2 ಸೆಕೆಂಡ್ ಹಾಯಿಸುತ್ತಾರೆ. ಹಿಂಗಾಲು ಸೆಟೆದು ಚಾಚದಿದ್ದರೆ ಮದ್ದು ತಡೆಯಿತು ಎಂದರ್ಥ. ಇನ್ನೊಂದರಲ್ಲಿ ಸೆಳೆತ ಬರಿಸುವ ಪೆಂಟಿಲೀನ್‌ಟೆಟ್ರಜೋಲ್ ಅನ್ನು ಕಿಲೋ ತೂಕಕ್ಕೆ ಸುಮಾರು 85 ಮಿಲಿಗ್ರಾಂನಂತೆ ಚರ್ಮದಡಿ ಚುಚ್ಚಿ ಅರ್ಧ ಗಂಟೆ ನೋಡುತ್ತಾರೆ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಅದು ತಡೆಯುತ್ತದೆ. (ನಮ್ಮ ಗೇರುತೋಪುಗಳ ಮೇಲೆ ಸುರಿದ ಕೀಟನಾಶಕ ಎಂಡೋಸಲ್ಫಾನ್ ಕೈಯಿಡುವುದೂ ಅಲ್ಲಿಗೇ.) ಮೊದಲನೆಯದರಲ್ಲಿ ಗೆಲ್ಲುವ ಫೆನಿಟಾಯಿನ್ ಎಂಬ ಫಿಟ್ಸ್ ಮದ್ದು ಇದರಲ್ಲಿ ಸೋಲುತ್ತದೆ. ಲೆವೆಟಿರಾಸಿಟಾಮ್ ಎರಡರಲ್ಲೂ ಸೋತಿತು. ಆದರೂ ಅದು ಇಂದು ರೋಗಿಗಳಿಗೆ ಕೊಡುವ ಮಾತ್ರೆ. ಒಂದು ಪರೀಕ್ಷೆಯ ಮಾತು ಎಷ್ಟು ನಂಬಿಕೆಯದು, ನೀವೇ ನೋಡಿ.

ತೂಕಡಿಸುವ ಇಲಿಯಲ್ಲೂ ಸೆಳೆತ ಕಡಿಮೆ ಕಂಡೀತು. ಅದಕ್ಕಾಗಿ ತಿರುಗುವ ಕೋಲಿನ ಮೇಲೆ ಅದು ಬೀಳದೆ ನಿಲ್ಲುತ್ತದೆಯೇ ಎಂದೂ ನೋಡಬೇಕು. ಇದನ್ನು ಬಿಟ್ಟ ವರದಿಯನ್ನು ಅರ್ಧ ಮಾತ್ರ ನಂಬಿ.

ಪ್ರಮಾಣವನ್ನೂ ಲೆಕ್ಕ ಹಾಕೋಣ. ಸುಂಡಿಲಿಗೆ ಕಿಲೋಗೆ 400 ಮಿಲಿಗ್ರಾಂ ಎಂದರೆ, ಸುಂಡಿಲಿಯ ಪ್ರಮಾಣವನ್ನು ಮನುಷ್ಯನದಕ್ಕೆ ಬದಲಿಸುವ 12.3ರಿಂದ ಭಾಗಿಸಿದಾಗ, 60 ಕಿಲೋದ ಮನುಷ್ಯನಿಗೆ ಸುಮಾರು 2 ಗ್ರಾಂ ಸಾರ. ನೂರು ಗ್ರಾಂ ಒಣ ಎಲೆಗೆ 10 ಗ್ರಾಂ ಸಾರ ಸಿಕ್ಕರೂ, ದಿನಕ್ಕೆ 20 ಗ್ರಾಂ ಒಣ ಎಲೆ ಬೇಕು. ಇದೂ ಅಂದಾಜಿನ ಲೆಕ್ಕವೇ, ಮದ್ದಿನ ಚೀಟಿಯಲ್ಲ.

ಊಟಕ್ಕೆ ತಿಮರೆ ತಂಬುಳಿ ಮಾಡಿ, ಅಡ್ಡಿಯಿಲ್ಲ. ಮಾತ್ರೆಯನ್ನು ಮಾತ್ರ ಥಟ್ಟನೆ ನಿಲ್ಲಿಸಬೇಡಿ. ಫಿಟ್ಸ್ ಒಂದರ ಹಿಂದೊಂದು ಬಂದೀತು. 5 ನಿಮಿಷ ದಾಟಿದರೆ ನೇರ ಆಸ್ಪತ್ರೆಗೆ.